ಸಭೆಯೂ ಸರಕಾರವೂ ಮಾಡಿಕೊಂಡ ಒಡಂಬಡಿಕೆ: ಜರ್ಮನಿಯ ಒಂದು ಶಾಲಾ ವ್ಯಾಜ್ಯ

ಕ್ರೈಸ್ತ ಸಭೆಗೂ ರಾಜ್ಯಕ್ಕೂ ಇರತಕ್ಕ ಸಂಬಂಧವು ಎಂಥದೆಂಬ ಪ್ರಶ್ನೆಯು ಬಹು ಹಳೆಯದು. ಕೆಲವು ದೇಶಗಳಲ್ಲಿ ಅದನ್ನು ರಾಜ್ಯಾಂಗವೇ ಗೊತ್ತುಪಡಿಸುತ್ತದೆ. ಬೇರೆ ಕೆಲವು ದೇಶಗಳಲ್ಲಾದರೋ, ಇಬ್ಬರು ಅರಸರು ಕರಾರು ಮಾಡಿಕೊಳ್ಳುವಂತೆ, ಸಭೆಯವರೂ ಸರಕಾರದವರೂ ಎದುರೆದುರಾಗಿ ಕುಳಿತು, ಕಲಮುಗಳನ್ನು ಒಂದೊಂದಾಗಿ ಚರ್ಚಿಸಿ, ಒಡಂಬಡಿಕೆಯನ್ನು ಬರೆದು ರುಜು ಹಾಕುವರು. ಒಡಂಬಡಿಕೆ ಎಂಬ ಮಾತು ನಮ್ಮ ವಾಚಕರಿಗೆ ಸತ್ಯವೇದದ ಮೂಲಕ ಚಿರಪರಿಚಿತವಾದದ್ದು. ಪ್ರಕೃತ ಲೇಖನದಲ್ಲಿ ಅದನ್ನು ಕೇವಲ ಲೌಕಿಕವಾದ ಅರ್ಥದಲ್ಲಿ ಉಪಯೋಗಿಸಿದ್ದೇವೆ. ರೋಮಾಪುರಿಯ ಪವಿತ್ರ ಪೀಠದೊಡನೆ ಒಂದು ರಾಜ್ಯವು ಮಾಡಿಕೊಳ್ಳುವ ಇಂಥ ಒಡಂಬಡಿಕೆಗೆ ಕಾನ್‌ಕಾರ್ಡಾಟ್ ಎಂದು ಹೆಸರು.

ಇಂಥ ಒಡಂಬಡಿಕೆಗೆ ರಾಜ್ಯಾಂಗದ ದೃಷ್ಟಿಯಿಂದ ಎಂಥ ಆಕ್ಷೇಪಗಳು ಬರಬಹುದು, ಅವುಗಳಿಗೆ ಒಂದು ಶ್ರೇಷ್ಠ ನ್ಯಾಯಾಲಯವು ಏನು ಉತ್ತರ ಕೊಟ್ಟಿತು ಎಂಬದನ್ನು, ಜರ್ಮನಿಯಲ್ಲಿ 1955ರಿಂದ 1957ರ ವರೆಗೆ ನಡೆದ ಒಂದು ವ್ಯಾಜ್ಯದ ಮೂಲಕ ತಿಳಿಸಲು ಯತ್ನಿಸುವೆವು. ಶಾಲೆಯ ಸ್ಮರಣ ಸಂಚಿಕೆಯಲ್ಲಿ ಈ ಕಾನೂನಿನ ವಿಷಯವೇಕೆ ಎಂದು ಕೇಳುವವರು ಇರಬಹುದು. ಆ ವ್ಯಾಜ್ಯವು ಹುಟ್ಟಿದ್ದೇ ಶಾಲೆಗಾಗಿ. ಯಾರ ಮಕ್ಕಳು ಯಾವ ಶಾಲೆಯಲ್ಲಿ, ಯಾವ ಉಪಾಧ್ಯಾಯರ ಕೈಕೆಳಗೆ, ಯಾರೊಂದಿಗೆ ಕುಳಿತು ಕಲಿಯಬೇಕೆಂಬದನ್ನು ನಿಶ್ಚಯಿಸುವ ಅಧಿಕಾರವು ಯಾರದೆಂಬದೇ ಅದರ ತಿರುಳು. ಮಿಶನ್ ಶಾಲೆಯಲ್ಲಿ ಓದಿದವರಿಗೂ, ಮಕ್ಕಳನ್ನು ಅಲ್ಲಿಗೆ ಕಳುಹಿಸಿದ ತಾಯಿತಂದೆಗಳಿಗೂ ಇದು ಪರರ ವಿಷಯವಲ್ಲ.

ಮೊದಲು ಕಾನ್‌ಕಾರ್ಡಾಟಿನ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. ಬಿಷಪ್ಪರನ್ನು ನೇಮಿಸುವ ಹಕ್ಕು ಯಾರದೆಂಬ ವಿವಾದವನ್ನು ಮುಗಿಸಿದ 1122ರ ವೋರ್ಮ್ಸ್ ಪಟ್ಟಣದ ಒಡಂಬಡಿಕೆಯು ಈ ಜಾತಿಯವುಗಳಲ್ಲಿ ಬಹು ಪ್ರಸಿದ್ಧವಾದದ್ದು. ಪೋಪರ ಕೈಯಲ್ಲಿ ಆಗ ದೇಶವೂ ಸೈನ್ಯವೂ ಇದ್ದವು. ಆದುದರಿಂದ ಅರಸರು ಅವರೊಡನೆ ಕರಾರು ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ 1870ರಲ್ಲಿ ರೋಮಾಪುರಿಯು ಇಟಲಿಯ ಅರಸನ ವಶವಾದ ಮೇಲೆ, 1929ರಲ್ಲಿ ವ್ಯಾಟಿಕನ್ ನಗರ ಸಂಸ್ಥಾನವು ಸ್ಥಾಪಿತವಾಗುವ ವರೆಗೆ, ಪೋಪರಿಗೆ ಅಂಗೈಯಗಲ ರಾಜ್ಯವೂ ಇರಲಿಲ್ಲ. ಆ ಕಾಲದಲ್ಲಿಯೂ ಪವಿತ್ರ ಪೀಠವು ರಾಜ್ಯಗಳೊಡನೆ ಒಡಂಬಡಿಕೆ ಮಾಡಿಕೊಳ್ಳುತ್ತಲೇ ಇತ್ತು. 1924ರಲ್ಲಿ ಬವೇರಿಯದೊಡನೆ ಆದದ್ದು ಅಂಥದು. ಇದರಿಂದ, ಒಡಂಬಡಿಕೆಗೆ ಕೈ ಹಾಕುವದು ವ್ಯಾಟಿಕನ್ ಎಂಬ ಸಣ್ಣ ಸಂಸ್ಥಾನವಲ್ಲ, ಪವಿತ್ರ ಪೀಠವೇ ಎಂದೂ, ಅದನ್ನು ರಾಷ್ಟ್ರಗಳು ತಮ್ಮ ಸಮಾನ ಪಂಕ್ತಿಯಲ್ಲಿ ಕುಳ್ಳಿರಿಸುತ್ತವೆ ಎಂದೂ ತಿಳಿದುಬರುವದು. ಪ್ರೊಟೆಸ್ಟಂಟ್ ಸಭೆಗಳಿಗೆ ಈ ಸ್ಥಾನವಿಲ್ಲ. ಅವುಗಳೊಡನೆ ಜರ್ಮನಿಯ ಪ್ರಾಂತ್ಯಗಳು ಮಾಡಿಕೊಂಡವುಗಳು ದೇಶದೊಳಗಿನ ಕರಾರುಗಳು ಮಾತ್ರ. ಪ್ರಶ್ಯವು 1929ರಲ್ಲಿ ರೋಮಿನೊಡನೆ ಒಡಂಬಡಿಕೆ ಮಾಡಿಕೊಂಡು, ನ್ಯಾಯ ಸರಿದೂಗಲೆಂದು 1931ರಲ್ಲಿ ಪ್ರೊಟೆಸ್ಟಂಟ್ ಸಭೆಗಳೊಡನೆಯೂ ಮಾಡಿಕೊಂಡಿತು. ಅಂದಹಾಗೆ, ಪ್ರಶ್ಯದ ಆ ಒಡಂಬಡಿಕೆಯಲ್ಲಿ ಶಾಲೆಗಳ ಸುದ್ದಿಯೇ ಇರಲಿಲ್ಲ. ಶಾಲೆಯ ಮಾತು ಎತ್ತಿದರೆ ಶಾಸನಸಭೆಯಲ್ಲಿ ಇಡೀ ಒಡಂಬಡಿಕೆಯೇ ಮುರಿದು ಬೀಳುವದೆಂಬ ಭಯವು ಆಗಲೇ ಇತ್ತು.

ಈಗ 1933ಕ್ಕೆ ಬರೋಣ. ಜನವರಿಯಲ್ಲಿ ಹಿಟ್ಲರನು ಚಾನ್ಸಲರನಾದನು. ಮಾರ್ಚಿ 24ನೆಯ ತಾರೀಖಿನ ಅಧಿಕಾರ ದಾನದ ಕಾನೂನಿನಿಂದ, ಶಾಸನಸಭೆಯನ್ನು ಕೇಳದೆಯೇ ಕಾನೂನು ಮಾಡುವ ಮತ್ತು ಪರರಾಷ್ಟ್ರಗಳೊಡನೆ ಒಡಂಬಡಿಕೆಗಳನ್ನು ಜಾರಿಗೆ ತರುವ ಅಧಿಕಾರವು ಅವನ ಮಂತ್ರಿಮಂಡಲದ ಕೈಸೇರಿತು. ಆ ಕಾನೂನಿಗೆ ಮತ ತೆಗೆದುಕೊಂಡ ದಿನ ಕಮ್ಯೂನಿಸ್ಟ್ ಸದಸ್ಯರು ಸಭೆಗೆ ಬರದಂತೆ ತಡೆಯಲ್ಪಟ್ಟಿದ್ದರು. ವಿರೋಧವಾಗಿ ಮತ ಕೊಟ್ಟವರು 94 ಮಂದಿ ಸಮಾಜವಾದಿಗಳು ಮಾತ್ರ. ಜುಲೈ 20ರಂದು ವ್ಯಾಟಿಕನ್ನಿನಲ್ಲಿ ಉಪಚಾನ್ಸಲರ್ ಫಾನ್ ಪಾಪೆನನೂ, ಪೋಪರ ಕಾರ್ಯದರ್ಶಿಗಳಾಗಿದ್ದ ಕಾರ್ಡಿನಲ್ ಪಚೆಲ್ಲಿಯವರೂ ಒಡಂಬಡಿಕೆಗೆ ರುಜು ಹಾಕಿದರು. ಈ ಪಚೆಲ್ಲಿಯವರೇ 1939ರಲ್ಲಿ ಹನ್ನೆರಡನೆಯ ಪಿಯುಸ್ ಎಂಬ ಹೆಸರಿನಿಂದ ಪೋಪರಾದರು. ಸೆಪ್ಟೆಂಬರದಲ್ಲಿ ಅದು ಊರ್ಜಿತವಾಯಿತು. ಜರ್ಮನಿಯ ಶಾಸನಸಭೆಯು ಅದನ್ನು ಒಂದು ಗಳಿಗೆಯಾದರೂ ಚರ್ಚಿಸಲಿಲ್ಲ.

ಆ ಒಡಂಬಡಿಕೆಯ 23ನೆಯ ಕಲಮು ನಮ್ಮ ವಿಷಯಕ್ಕೆ ಮುಖ್ಯವಾದದ್ದು. ಇದ್ದ ಕಥೋಲಿಕ ಶಾಲೆಗಳನ್ನು ಉಳಿಸಲಾಗುವದು, ತಾಯಿತಂದೆಗಳು ಅರಿಕೆಮಾಡಿದಲ್ಲಿ, ಸಾಕಷ್ಟು ಮಕ್ಕಳಿದ್ದರೆ, ಹೊಸ ಶಾಲೆಗಳನ್ನೂ ತೆರೆಯಲಾಗುವದು ಎಂದು ಅದರಲ್ಲಿ ವಾಗ್ದಾನವಿತ್ತು. ಇವು ಸಭೆಯು ತನ್ನ ಹಣದಿಂದ ನಡಿಸುವ ಖಾಸಗಿ ಶಾಲೆಗಳಲ್ಲ, ಸರಕಾರದ ವೆಚ್ಚದಲ್ಲಿ ನಡೆಯುವ ಸಾರ್ವಜನಿಕ ಶಾಲೆಗಳು ಎಂಬದನ್ನು ನಮ್ಮ ವಾಚಕರು ವಿಶೇಷವಾಗಿ ಗಮನಿಸಬೇಕು. ಜರ್ಮನಿಯಲ್ಲಿ ಸರಕಾರಿ ಪ್ರಾಥಮಿಕ ಶಾಲೆಗಳೇ ಕಥೋಲಿಕ ಶಾಲೆ, ಪ್ರೊಟೆಸ್ಟಂಟ್ ಶಾಲೆ ಎಂದು ಬೇರೆಬೇರೆಯಾಗಿ ನಡೆಯುವ ವಾಡಿಕೆಯಿತ್ತು. ಇವುಗಳನ್ನು ನಾವು ಪಂಗಡ ಶಾಲೆಗಳೆನ್ನುವೆವು. ಎರಡೂ ಪಂಗಡದ ಮಕ್ಕಳು ಕೂಡಿ ಕಲಿತು, ಧರ್ಮಬೋಧೆಯ ಗಂಟೆಯಲ್ಲಿ ಮಾತ್ರ ಬೇರೆಬೇರೆ ಕುಳಿತುಕೊಳ್ಳುವ ಶಾಲೆಯನ್ನು ಸಮ್ಮಿಶ್ರ ಶಾಲೆಯೆನ್ನುವೆವು.

ವಾಗ್ದಾನವು ಹೇಗೆ ನೆರವೇರಿತೆಂಬದಕ್ಕೆ ಒಂದು ಸಂಗತಿಯನ್ನು ಹೇಳಿದರೆ ಸಾಕು. ಉತ್ತರ ಜರ್ಮನಿಯ ಓಲ್ಡೆನ್‌ಬುರ್ಗ್ ಸಂಸ್ಥಾನದಲ್ಲಿ 1936ರ ನವೆಂಬರ 4ರಂದು, ಶಾಲೆ ಮೊದಲಾದ ಸಾರ್ವಜನಿಕ ಕಟ್ಟಡಗಳಿಂದ ಶಿಲುಬೆಗಳನ್ನೂ ಮಾರ್ಟಿನ್ ಲೂಥರರ ಚಿತ್ರಗಳನ್ನೂ ತೆಗೆದುಬಿಡಬೇಕೆಂದು ಅಪ್ಪಣೆಯಾಯಿತು. ಕ್ಲೋಪೆನ್‌ಬುರ್ಗ್, ಫೆಕ್ಟಾ ಎಂಬ ಸೀಮೆಗಳ ಒಕ್ಕಲಿಗರು ಬಹುತರವಾಗಿ ಕಥೋಲಿಕರು. ಅವರು ಕತ್ತಿ ಹಿರಿಯಲಿಲ್ಲ. ಗುಂಪು ಗುಂಪಾಗಿ ಅಧಿಕಾರಿಗಳ ಬಳಿಗೆ ಹೋಗಿ ಮೊರೆಯಿಟ್ಟರು. ಅದೇ ತಿಂಗಳ 25ರಂದು ನಾಜಿ ಪಕ್ಷದ ಪ್ರಾಂತಾಧಿಪತಿಯಾದ ಕಾರ್ಲ್ ರ್‍ಯೋವರನು ಕ್ಲೋಪೆನ್‌ಬುರ್ಗಿನ ದೊಡ್ಡ ಸಭಾಗೃಹದಲ್ಲಿ ಭಾಷಣಕ್ಕೆ ನಿಂತನು. ಸಾವಿರಾರು ಜನರು ಅವನ ಬೇರೆ ಮಾತುಗಳಿಗೆ ಕಿವಿಗೊಡದೆ ಶಿಲುಬೆಯ ಸಂಗತಿಯೇನೆಂದು ಕೂಗಿ ಕೇಳಿದರು. ಕಡೆಗೆ ಅವನು ಅಪ್ಪಣೆಯನ್ನು ಹಿಂತೆಗೆದುಕೊಂಡೆನೆಂದು ಅಲ್ಲಿಯೇ ಹೇಳಬೇಕಾಯಿತು. ಹಿಟ್ಲರನ ಆಳಿಕೆಯಲ್ಲಿ ಸಾಮಾನ್ಯ ಜನರ ಮುಂದೆ ಅಧಿಕಾರವು ಹೀಗೆ ತಲೆ ಬಾಗಿಸಿದ ಸಂದರ್ಭಗಳು ಬಹಳ ಇಲ್ಲ. ಆ ದಿನ ಶಿಲುಬೆಯನ್ನು ಗೋಡೆಯ ಮೇಲೆ ಉಳಿಸಿದ್ದು ತಾಯಿತಂದೆಗಳ ಧೈರ್ಯವೇ ಹೊರತು ರೋಮಿನಲ್ಲಿ ರುಜುವಾದ ಕಾಗದವಲ್ಲ ಎಂದು ನಮಗೆ ತೋರುತ್ತದೆ. ಮುಂದಿನ ವರ್ಷ, 1937ರ ಗರಿಗಳ ಆದಿತ್ಯವಾರದಂದು, ಒಡಂಬಡಿಕೆಯು ಹೆಜ್ಜೆ ಹೆಜ್ಜೆಗೂ ಮುರಿಯಲ್ಪಡುತ್ತಿದೆಯೆಂಬ ಪೋಪರ ಪತ್ರಿಕೆಯು ಜರ್ಮನಿಯ ಕಥೋಲಿಕ ದೇವಾಲಯಗಳಲ್ಲಿ ಓದಲ್ಪಟ್ಟಿತು. ಆದರೂ ಯುದ್ಧವು ಆರಂಭವಾಗುವ ಹೊತ್ತಿಗೆ ದೇಶದ ಬಹುಭಾಗದಲ್ಲಿ ಪಂಗಡ ಶಾಲೆಗಳು ಇಲ್ಲದಂತಾಗಿದ್ದವು.

1945ರಲ್ಲಿ ನಾಜಿಗಳ ರಾಜ್ಯವು ಉರುಳಿತು. ಮರುವರುಷ ಹ್ಯಾನೋವರ್, ಓಲ್ಡೆನ್‌ಬುರ್ಗ್ ಮೊದಲಾದ ಸೀಮೆಗಳು ಕೂಡಿ ಕೆಳ ಸಾಕ್ಸನಿ ಎಂಬ ಹೊಸ ಪ್ರಾಂತ್ಯವಾಯಿತು. ಕನ್ನಡಿಗರಿಗೆ ಈ ಪ್ರಾಂತ್ಯವು ಪೂರ್ಣವಾಗಿ ಅಪರಿಚಿತವಲ್ಲ. ನಮ್ಮ ಭಾಷೆಗೆ 1894ರಲ್ಲಿ ಮಹಾ ನಿಘಂಟನ್ನು ಕೊಟ್ಟ ಬಾಸೆಲ್ ಮಿಶನಿನ ಫರ್ಡಿನಾಂಡ್ ಕಿಟ್ಟೆಲ್ ಪಂಡಿತರು 1832ರಲ್ಲಿ ಹುಟ್ಟಿದ ರೆಸ್ಟರ್‌ಹಾಫೆ ಎಂಬ ಹಳ್ಳಿಯು ಈಗ ಇದರ ಎಲ್ಲೆಯೊಳಗಿದೆ. ಕಿಟ್ಟೆಲರ ಸೀಮೆಯಂತೆಯೇ ಪ್ರಾಂತ್ಯದ ಬಹುಭಾಗವು ಪ್ರೊಟೆಸ್ಟಂಟರದು. ಓಲ್ಡೆನ್‌ಬುರ್ಗಿನ ದಕ್ಷಿಣ ಭಾಗದಂಥ ಕೆಲವು ಸೀಮೆಗಳು ಕಥೋಲಿಕರವು. ಯುದ್ಧಾನಂತರ ಸಿಲೇಸಿಯ ಮುಂತಾದ ಪೂರ್ವ ದೇಶಗಳಿಂದ ಹೊರದೂಡಲ್ಪಟ್ಟ ಜನರು ಇಲ್ಲಿಗೆ ಬಂದು ನೆಲೆಸಿದಾಗ, ತಲತಲಾಂತರದಿಂದ ಒಂದೇ ಪಂಗಡದವರಿದ್ದ ಹಳ್ಳಿಗಳಲ್ಲಿ ಎರಡೂ ಪಂಗಡದವರು ನೆರೆಹೊರೆಯಾದರು.

ಪಶ್ಚಿಮ ಜರ್ಮನಿಯ ಹೊಸ ರಾಜ್ಯಾಂಗವು 1949ರಲ್ಲಿ ಸಿದ್ಧವಾಯಿತು. ಅದನ್ನು ರಚಿಸುವಾಗ ಶಾಲೆಯ ವಿಷಯದಲ್ಲಿ ದೊಡ್ಡ ವಾದವು ನಡೆಯಿತು. ತಾಯಿತಂದೆಗಳು ಬಯಸಿದಲ್ಲಿ ಪಂಗಡ ಶಾಲೆಯನ್ನು ಕೊಡಲೇಬೇಕೆಂಬ ಹಕ್ಕನ್ನು ರಾಜ್ಯಾಂಗದಲ್ಲಿ ಸೇರಿಸಬೇಕೆಂದು ಸಭೆಗಳು ಕೇಳಿಕೊಂಡವು. ಅದಕ್ಕೆ ಬಹುಮತವು ದೊರೆಯಲಿಲ್ಲ. ಸಾರ್ವಜನಿಕ ಶಾಲೆಗಳಲ್ಲಿ ಧರ್ಮಬೋಧೆಯು ಸಾಮಾನ್ಯ ಪಾಠಗಳಲ್ಲೊಂದಾಗಿರತಕ್ಕದ್ದೆಂದೂ, ಮಗುವು ಅದರಲ್ಲಿ ಸೇರಬೇಕೋ ಬೇಡವೋ ಎಂಬದನ್ನು ತಾಯಿತಂದೆಗಳೇ ನಿಶ್ಚಯಿಸತಕ್ಕದ್ದೆಂದೂ 7ನೆಯ ವಿಧಿಯಲ್ಲಿ ಬರೆಯಲಾಯಿತು. ಉಳಿದ ಶಾಲಾ ಕಾರ್ಯವೆಲ್ಲ ಪ್ರಾಂತ್ಯಗಳ ಪಾಲಿಗೆ ಬಂತು. ಇತ್ತ 123ನೆಯ ವಿಧಿಯಲ್ಲಿ ಒಂದು ಜಾಣತನದ ಮಾತು ಸೇರಿತು: ಹಳೆಯ ರಾಜ್ಯವು ಮಾಡಿದ ಒಡಂಬಡಿಕೆಗಳು ಈಗ ಪ್ರಾಂತ್ಯಗಳಿಗೆ ಸೇರಿದ ವಿಷಯಗಳ ಮೇಲಿದ್ದರೂ, ಅವು ಕಾನೂನುಪ್ರಕಾರ ಊರ್ಜಿತವಾಗಿದ್ದರೆ, ಕಕ್ಷಿಗಾರರ ಎಲ್ಲ ಹಕ್ಕುಗಳಿಗೂ ಆಕ್ಷೇಪಗಳಿಗೂ ಒಳಪಟ್ಟು, ಮುಂದುವರಿಯುವವು. ಕಾನ್‌ಕಾರ್ಡಾಟಿನ ಹೆಸರು ಇಲ್ಲಿ ಇಲ್ಲ. ಆದರೆ ಎಲ್ಲರ ಮನಸ್ಸಿನಲ್ಲಿಯೂ ಇದ್ದದ್ದು ಅದೇ. ಒಪ್ಪಂದಕ್ಕೆ ಬಾರದ ಜನರು ಜಗಳವನ್ನು ಮುಂದಕ್ಕೆ ಹಾಕಲು ಬರೆದ ವಾಕ್ಯವಿದೆಂದು ಹೇಳಿದರೆ ತಪ್ಪಾಗಲಾರದು.

ಮುಂದಕ್ಕೆ ಹಾಕಿದ ಜಗಳವು ಐದೇ ವರುಷಗಳಲ್ಲಿ ಬಂತು. ಕೆಳ ಸಾಕ್ಸನಿಯ ಶಾಸನಸಭೆಯು 1954ರ ಸೆಪ್ಟೆಂಬರ 14ರ ಶಾಲಾ ಕಾನೂನಿನಿಂದ, ಎರಡೂ ಪಂಗಡಗಳ ಕ್ರೈಸ್ತ ಮಕ್ಕಳು ಕೂಡಿ ಕಲಿಯುವ ಸಮ್ಮಿಶ್ರ ಶಾಲೆಯೇ ಸಾಮಾನ್ಯ ಕ್ರಮವೆಂದೂ, ಪಂಗಡ ಶಾಲೆಯು ಕೆಲವು ಷರತ್ತುಗಳಿಗೊಳಪಟ್ಟ ವಿನಾಯತಿಯೆಂದೂ ಗೊತ್ತುಮಾಡಿತು. ಕಥೋಲಿಕ ಬಿಷಪ್ಪರೂ ತಾಯಿತಂದೆಗಳೂ ಇದನ್ನು ಬಲವಾಗಿ ವಿರೋಧಿಸಿದರು. ಇಬ್ಬರ ಮಾತಿನಲ್ಲಿಯೂ ಸತ್ವವಿತ್ತೆಂದು ನಾವು ಒಪ್ಪಲೇಬೇಕು. ಹಿಂದೆ ನಾಜಿಗಳು ಕಸಿದುಕೊಂಡದ್ದನ್ನು ಈಗ ಪ್ರಜಾಪ್ರಭುತ್ವವೂ ಹಿಂದಿರುಗಿಸದಿದ್ದರೆ ನಾವು ಕಷ್ಟಕಾಲದಲ್ಲಿ ನಿಂತದ್ದಕ್ಕೆ ಬೆಲೆಯೇನು ಎಂದು ಕ್ಲೋಪೆನ್‌ಬುರ್ಗಿನ ಒಬ್ಬ ತಾಯಿಯು ಕೇಳಿದರೆ ಏನೆಂದು ಉತ್ತರ ಕೊಡೋಣ? ಅತ್ತ, ಅರುವತ್ತು ಮಕ್ಕಳಿರುವ ಹಳ್ಳಿಯಲ್ಲಿ ನಾಲ್ವತ್ತು ಒಂದು ಕಡೆ, ಇಪ್ಪತ್ತು ಒಂದು ಕಡೆ ಎಂದು ಒಡೆದರೆ ಎರಡೂ ಶಾಲೆಗಳು ಬಡವಾಗುವವಲ್ಲವೇ, ಯುದ್ಧದಿಂದ ಬೆಂದುಬಂದವರ ಮಕ್ಕಳನ್ನು ಊರ ಮಕ್ಕಳಿಂದ ಬೇರೆ ಬೆಂಚಿಗೆ ಕಳುಹಿಸುವದು ಸರಿಯೇ ಎಂಬ ಮಾತನ್ನೂ ತಳ್ಳಿಬಿಡುವಂತಿಲ್ಲ.

ಒಕ್ಕೂಟದ ಚಾನ್ಸಲರರು ಆಗ ಆಡೆನಾಯರರು. 1955ರ ಮಾರ್ಚಿಯಲ್ಲಿ ಅವರ ಸರಕಾರವು ಕಾರ್ಲ್ಸ್‌ರೂಹೆ ಪಟ್ಟಣದ ಸಂಯುಕ್ತ ರಾಜ್ಯಾಂಗ ನ್ಯಾಯಾಲಯದಲ್ಲಿ ಫಿರ್ಯಾದು ಹೂಡಿತು. ದೇಶವು ಪವಿತ್ರ ಪೀಠಕ್ಕೆ ಕೊಟ್ಟ ವಚನವನ್ನು ಒಂದು ಪ್ರಾಂತ್ಯವು ಮುರಿಯುತ್ತಿದೆ, ಹೀಗೆ ಮಾಡಲು ಅದಕ್ಕೆ ಅಧಿಕಾರವಿಲ್ಲ ಎಂಬದೇ ಫಿರ್ಯಾದಿನ ಸಾರ. ಹೆಸ್ಸೆ, ಬ್ರೆಮೆನ್ ಎಂಬ ಪ್ರಾಂತ್ಯಗಳು ಕೆಳ ಸಾಕ್ಸನಿಯ ಪಕ್ಷವನ್ನು ವಹಿಸಿದವು. 1956ರ ಜೂನಿನಲ್ಲಿ ವಾದವಿವಾದಗಳು ನಡೆದವು.

ಪ್ರಾಂತ್ಯಗಳ ಪಕ್ಷದ ಆಕ್ಷೇಪಗಳಲ್ಲಿ ಎಲ್ಲಕ್ಕೂ ಆಳವಾದದ್ದು ಹುಟ್ಟಿನ ವಿಷಯವಾದದ್ದು. 1919ರ ರಾಜ್ಯಾಂಗದ ಪ್ರಕಾರ, ಕಾನೂನಿನ ವಿಷಯಗಳನ್ನು ಮುಟ್ಟುವ ಒಡಂಬಡಿಕೆಗೆ ಶಾಸನಸಭೆಯ ಸಮ್ಮತಿಯು ಬೇಕು. ಇದಕ್ಕೆ ಆ ಸಮ್ಮತಿಯಿಲ್ಲ. ಇದ್ದದ್ದು ಹೆದರಿಸಿ ಪಡೆದ ಅಧಿಕಾರ ದಾನದ ಕಾನೂನಿನ ಬಲ ಮಾತ್ರ. ಕಳ್ಳನು ಬರೆದುಕೊಟ್ಟ ಕ್ರಯಪತ್ರದಿಂದ ಮನೆಯು ಕೊಂಡವನದಾಗುವದೇ? ನ್ಯಾಯಾಧೀಶರು ಈ ವಾದವನ್ನು ಒಪ್ಪಲಿಲ್ಲ. ಅಧಿಕಾರ ದಾನದ ಕಾನೂನು ಹಳೆಯ ರಾಜ್ಯಾಂಗಕ್ಕೆ ಅನುಸಾರವಾಗಿತ್ತೇ ಎಂದು ಕೇಳಿ ಪ್ರಯೋಜನವಿಲ್ಲ. ಅದು ನಾಜಿಗಳು ಬಲಾತ್ಕಾರದಿಂದ ರಾಜ್ಯವನ್ನು ಹಿಡಿದ ಕ್ರಾಂತಿಯ ಒಂದು ಮೆಟ್ಟಲು. ಆ ಕ್ರಾಂತಿಯು ಕೈಗೂಡಿ, ಹೊಸ ಸರಕಾರವು ವಾಸ್ತವವಾಗಿ ದೇಶವನ್ನಾಳಿತು. ಅದರ ಕೂಡ ಪರರು ಮಾಡಿಕೊಂಡ ಒಡಂಬಡಿಕೆಯು ಊರ್ಜಿತವೇ ಸರಿ ಎಂಬ ಅರ್ಥದ ಉತ್ತರವನ್ನು ಅವರು ಕೊಟ್ಟರು. ಕೇಳುವಾಗ ಈ ಮಾತು ಕಹಿಯಾಗಿದೆ. ಆದರೆ ಮುರಿಯುವ ಮನಸ್ಸುಳ್ಳವನು ರುಜು ಹಾಕಿದನೆಂಬ ಕಾರಣಕ್ಕೆ, ನಂಬಿ ರುಜು ಹಾಕಿದ ಇನ್ನೊಬ್ಬನ ಹಕ್ಕು ಹೋಗಬೇಕೆ ಎಂದು ಯೋಚಿಸಿದರೆ, ಕಹಿಯು ಸ್ವಲ್ಪ ಕಡಿಮೆಯಾಗುವದು. ನಾಜಿಗಳು ಸಾರಿ ಸಾರಿ ಮುರಿದದ್ದರಿಂದ ಒಡಂಬಡಿಕೆಯು ತಾನಾಗಿ ಸತ್ತುಹೋಯಿತೆಂಬ ಆಕ್ಷೇಪಕ್ಕೂ ಇದೇ ಬಗೆಯ ಉತ್ತರ ಸಿಕ್ಕಿತು: ಒಬ್ಬನು ಮುರಿದ ಮಾತ್ರಕ್ಕೆ ಒಡಂಬಡಿಕೆಯು ರದ್ದಾಗುವದಿಲ್ಲ, ಪವಿತ್ರ ಪೀಠವು ಅದನ್ನು ಎಂದೂ ಬಿಟ್ಟುಕೊಟ್ಟಿಲ್ಲ.

ಇಷ್ಟರ ವರೆಗೆ ಓದಿದವರು ಒಕ್ಕೂಟ ಸರಕಾರವು ಗೆದ್ದಿತೆಂದೇ ಎಣಿಸುವರು. ಆದರೆ 1957ರ ಮಾರ್ಚಿ 26ರಂದು ಓದಲಾದ ತೀರ್ಪು ಫಿರ್ಯಾದನ್ನು ತಳ್ಳಿಹಾಕಿತು. ಒಡಂಬಡಿಕೆಯು ಜೀವಂತವಾಗಿದೆ, ಅದರಿಂದ ಜರ್ಮನಿ ದೇಶವು ಬಂಧಿತವಾಗಿದೆ, ಆದರೆ ಶಾಲೆಯ ವಿಷಯದಲ್ಲಿ ಕಾನೂನು ಮಾಡುವ ಅಧಿಕಾರವನ್ನು 1949ರ ರಾಜ್ಯಾಂಗವು ಪ್ರಾಂತ್ಯಗಳಿಗೆ ಕೊಟ್ಟುಬಿಟ್ಟಿದೆ, ಆ ಅಧಿಕಾರಕ್ಕೆ ರಾಜ್ಯಾಂಗವು ಹಾಕಿದ ಎಲ್ಲೆಗಳು 7ನೆಯ ವಿಧಿ ಮೊದಲಾದವುಗಳೇ ಹೊರತು ಕಾನ್‌ಕಾರ್ಡಾಟಿನ ಕಲಮುಗಳಲ್ಲ. ಆದುದರಿಂದ ಅವುಗಳನ್ನು ಕೈಕೊಳ್ಳಿರೆಂದು ಒಕ್ಕೂಟವು ಪ್ರಾಂತ್ಯವನ್ನು ಬಲಾತ್ಕರಿಸಲಾರದು. 123ನೆಯ ವಿಧಿಯು ಹಳೆಯ ಕಾನೂನನ್ನು ಉಳಿಸಿತೇ ಹೊರತು, ಅದನ್ನು ಎಂದೂ ಬದಲಾಯಿಸಬಾರದೆಂದು ಪ್ರಾಂತ್ಯಗಳ ಕೈ ಕಟ್ಟಲಿಲ್ಲ. ಮನೆಯ ಯಜಮಾನನು ಊರವರಿಗೆ ಮಾತು ಕೊಟ್ಟಿದ್ದಾನೆ. ಆದರೆ ಮನೆಯ ಪಾಲುಪತ್ರದ ಪ್ರಕಾರ ಆ ಹೊಲವು ತಮ್ಮನದು. ಅಣ್ಣನ ಮಾತನ್ನು ನಡಿಸೆಂದು ತಮ್ಮನಿಗೆ ಹೇಳಲು ಕಚೇರಿಗೆ ಅಧಿಕಾರವಿಲ್ಲ.

ಈ ತೀರ್ಪನ್ನು ಹೊರಗಿನವರಿಗೆ ಒಂದು, ಒಳಗಿನವರಿಗೆ ಇನ್ನೊಂದು ಎಂಬ ಇಬ್ಬಗೆಯ ಮಾತೆಂದು ಹಳಿಯಬಹುದು. ನಮ್ಮ ಅಭಿಪ್ರಾಯವು ಬೇರೆ. ಶಾಲೆಯ ಭಾರವನ್ನು ಹೊತ್ತು, ಉಪಾಧ್ಯಾಯರಿಗೆ ಸಂಬಳ ಕೊಟ್ಟು, ಮತದಾರರಿಗೆ ಉತ್ತರ ಹೇಳಬೇಕಾದ ಶಾಸನಸಭೆಯು ಎಂದೂ ಒಪ್ಪದ ಒಂದು ಕಾಗದದಿಂದ ಆ ಶಾಸನಸಭೆಯನ್ನು ಕಟ್ಟಿಹಾಕುವದು ಪ್ರಜಾಪ್ರಭುತ್ವಕ್ಕೆ ಒಗ್ಗುವ ಮಾತಲ್ಲ. ಇಲ್ಲಿ ಸಭೆಗೂ ಒಂದು ಅಪಾಯವಿತ್ತು. ನಾಜಿಗಳ ರುಜುವನ್ನು ಹಿಡಿದು ತನ್ನ ಶಾಲೆಗಳನ್ನು ಬೇಡುವ ಸಭೆಯು, ನೆರೆಯವರ ಕಣ್ಣಿಗೆ, ಆ ರುಜುವಿನಿಂದ ಲಾಭ ಪಡೆದವರಂತೆ ಕಾಣುವದು. ಕ್ಲೋಪೆನ್‌ಬುರ್ಗಿನ ಜನರು ಪಟ್ಟ ಪಾಡು ಮರೆಯಾಗುವದು.

ಈ ಪ್ರಶ್ನೆಯು ನಮ್ಮ ದೇಶದಲ್ಲಿ ಎದ್ದಿದ್ದರೆ ಏನಾಗುತ್ತಿತ್ತೆಂದು ಮೇಲ್ತರಗತಿಯ ಹುಡುಗಿಯರು ಕೇಳುವ ಸಂಭವವಿದೆ. ಭಾರತದ ರಾಜ್ಯಾಂಗದ 253ನೆಯ ವಿಧಿಯು, ಪರರಾಷ್ಟ್ರದೊಡನಾದ ಒಡಂಬಡಿಕೆಯನ್ನು ಜಾರಿಗೆ ತರುವದಕ್ಕಾಗಿ, ವಿಷಯವು ರಾಜ್ಯಗಳ ಪಟ್ಟಿಯದಾದರೂ, ಇಡೀ ದೇಶಕ್ಕೆ ಕಾನೂನು ಮಾಡುವ ಅಧಿಕಾರವನ್ನು ಪಾರ್ಲಿಮೆಂಟಿಗೆ ಕೊಡುತ್ತದೆ. ವಿದ್ಯಾಭ್ಯಾಸವು ಮೊದಲು ರಾಜ್ಯಗಳ ಪಟ್ಟಿಯಲ್ಲಿದ್ದು, 1976ರ ನಾಲ್ವತ್ತೆರಡನೆಯ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಗೆ ಬಂತು. ಹಾಗಾದರೆ ಅಣ್ಣನು ತಮ್ಮನ ಹೊಲದೊಳಗೆ ಕಾಲಿಡಬಹುದೆಂದಾಯಿತು. ಆದರೆ ಇಲ್ಲಿ ಅದರ ಅಗತ್ಯವೇ ಬೀಳಲಿಲ್ಲ. ನಮ್ಮ ಮಿಶನ್ ಶಾಲೆಗಳ ಹಕ್ಕು ಯಾವ ಒಡಂಬಡಿಕೆಯ ಮೇಲೆಯೂ ನಿಂತಿಲ್ಲ; ಧರ್ಮದಿಂದಾಗಲಿ ಭಾಷೆಯಿಂದಾಗಲಿ ಅಲ್ಪಸಂಖ್ಯಾತರಾದವರೆಲ್ಲರೂ ತಮಗೆ ಬೇಕಾದ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡಿಸಬಹುದೆಂಬ 30ನೆಯ ವಿಧಿಯ ಮೇಲೆ ನಿಂತಿದೆ. ಅದು ಕ್ರೈಸ್ತರಿಗೆ ಮಾತ್ರ ಕೊಟ್ಟ ವರವಲ್ಲ. ಮುಸಲ್ಮಾನರಿಗೂ ಜೈನರಿಗೂ ಸಿಖ್ಖರಿಗೂ ಅದೇ ವಾಕ್ಯವೇ ಆಶ್ರಯ. ಕೇರಳದ ವಿದ್ಯಾಭ್ಯಾಸ ಮಸೂದೆಯ ವಿಷಯದಲ್ಲಿ ಸುಪ್ರೀಂ ಕೋರ್ಟು 1958ರಲ್ಲಿ ಕೊಟ್ಟ ಅಭಿಪ್ರಾಯದಲ್ಲಿ, ಸಹಾಯಧನದ ಹೆಸರಿನಿಂದ ಸರಕಾರವು ಈ ಹಕ್ಕನ್ನು ಬಿಟ್ಟುಕೊಡುವಂತೆ ಮಾಡಲಾಗದೆಂದೂ, ಹಾಗೆಯೇ ಶಾಲೆಯನ್ನು ನಡಿಸುವ ಹಕ್ಕೆಂದರೆ ಕೆಡಿಸುವ ಹಕ್ಕಲ್ಲವೆಂದೂ ಹೇಳಲ್ಪಟ್ಟಿದೆ. ಇನ್ನು 28ನೆಯ ವಿಧಿಯು, ಸಹಾಯಧನ ಪಡೆಯುವ ಇಲ್ಲವೆ ಸರಕಾರದ ಮನ್ನಣೆಯುಳ್ಳ ಶಾಲೆಯಲ್ಲಿ, ತಾಯಿತಂದೆಗಳ ಇಲ್ಲವೆ ಪೋಷಕರ ಸಮ್ಮತಿಯಿಲ್ಲದೆ ಯಾವ ಮಗುವನ್ನೂ ಧರ್ಮಬೋಧೆಗೆ ಕುಳ್ಳಿರಿಸಬಾರದೆನ್ನುತ್ತದೆ. ಜರ್ಮನಿಯವರು ಬಹು ದೂರ ಸುತ್ತಿಬಂದು ಮುಟ್ಟಿದ ಮಾತೂ ಇದಕ್ಕೆ ಹತ್ತಿರವೇ ಇದೆ.

ಬೇರೆ ದೇಶಗಳಲ್ಲಿಯೂ ಇಂಥ ಆಕ್ಷೇಪಗಳು ಎದ್ದಿವೆ. ಪೋಲಂಡಿನಲ್ಲಿ 1993ರಲ್ಲಿ ರುಜುವಾದ ಕಾನ್‌ಕಾರ್ಡಾಟು, ಹೊಸ ರಾಜ್ಯಾಂಗವು ಬರುವ ವರೆಗೆ ತಡೆದು, 1998ರಲ್ಲಿ ಸ್ಥಿರಪಟ್ಟಿತು. ಸ್ಲೊವೇನಿಯದಲ್ಲಿ 2001ರ ಒಡಂಬಡಿಕೆಯನ್ನು ಮೊದಲು ರಾಜ್ಯಾಂಗ ನ್ಯಾಯಾಲಯಕ್ಕೆ ತೋರಿಸಿ, ಅದು ರಾಜ್ಯಾಂಗಕ್ಕೆ ವಿರೋಧವಲ್ಲವೆಂದು 2003ರಲ್ಲಿ ಹೇಳಿಸಿಕೊಂಡ ಮೇಲೆಯೇ ಸ್ಥಿರಪಡಿಸಿದರು. ಮೊದಲೇ ಕೇಳುವದು ಲೇಸೆಂಬದನ್ನು ಅವರು ಜರ್ಮನಿಯಿಂದಲೇ ಕಲಿತರೋ ಏನೋ.

ಕೆಳ ಸಾಕ್ಸನಿಯಲ್ಲಿ ಸಂಗತಿಯು ತೀರ್ಪಿನಿಂದ ಮುಗಿಯಲಿಲ್ಲ. ಈ ಪ್ರಾಂತ್ಯವು ಫಿರ್ಯಾದು ದಾಖಲಾದ ತಿಂಗಳಲ್ಲಿಯೇ, 1955ರ ಮಾರ್ಚಿ 19ರಂದು, ಲೊಕುಮ್ ಎಂಬ ಪುರಾತನ ಮಠದಲ್ಲಿ ಪ್ರೊಟೆಸ್ಟಂಟ್ ಸಭೆಗಳೊಡನೆ ಒಂದು ಕರಾರನ್ನು ಮಾಡಿಕೊಂಡಿತ್ತು. ಗೆದ್ದ ಮೇಲೆ ಅದು ಕಥೋಲಿಕರೊಡನೆಯೂ ಮಾತಿಗೆ ಕುಳಿತಿತು. 1965ರ ಫೆಬ್ರವರಿ 26ರಂದು ಪವಿತ್ರ ಪೀಠಕ್ಕೂ ಪ್ರಾಂತ್ಯಕ್ಕೂ ಹೊಸ ಒಡಂಬಡಿಕೆಯು ರುಜುವಾಯಿತು. ಈ ಸಲ ಅದು ಶಾಸನಸಭೆಯ ಮುಂದೆ ಬಂತು, ತೀವ್ರವಾಗಿ ಚರ್ಚಿಸಲ್ಪಟ್ಟಿತು, ಅದರ ದೆಸೆಯಿಂದ ಆಳುವ ಪಕ್ಷಗಳ ಕೂಟವೇ ಮುರಿದು, ಮುಖ್ಯಮಂತ್ರಿ ಡೀಡ್ರಿಕ್ಸರು ಬೇರೆ ಪಕ್ಷದೊಡನೆ ಕೂಡಿಕೊಳ್ಳಬೇಕಾಯಿತು, ಆದರೂ ಬಹುಮತದಿಂದ ಅಂಗೀಕೃತವಾಯಿತು. ಕಥೋಲಿಕ ಪಂಗಡ ಶಾಲೆಗಳನ್ನು ಉಳಿಸುವ ಮತ್ತು ಹೊಸದಾಗಿ ತೆರೆಯುವ ವಾಗ್ದಾನವು ಅದರಲ್ಲಿ ಸೇರಿತು. ಶಾಲೆಗಳ ಏರ್ಪಾಡು ಬದಲಾದಾಗ, 1973ರಲ್ಲಿ, ಇಬ್ಬರೂ ಮತ್ತೆ ಕುಳಿತು ಕಲಮುಗಳನ್ನು ತಿದ್ದಿಕೊಂಡರು; ಕೆಲವು ಶಾಲೆಗಳು ಸಭೆಯ ಆಡಳಿತಕ್ಕೂ ಸರಕಾರದ ಸಹಾಯಧನಕ್ಕೂ ಒಳಪಟ್ಟವು. ಆ ಸೀಮೆಯ ಜನರು ಅವುಗಳನ್ನು ಇಂದಿಗೂ ಕಾನ್‌ಕಾರ್ಡಾಟ್ ಶಾಲೆಗಳೆಂದೇ ಕರೆಯುವರು. ಹೆಸರಿನಲ್ಲಿರುವ ಒಡಂಬಡಿಕೆಯು 1933ರದ್ದಲ್ಲ, 1965ರದ್ದು.